ಟ್ರಿನಿಡಾಡಿನಲ್ಲಿ ಹೊರಗಿನ ಊಟ: ಸಸ್ಯಾಹಾರಿ ಅಮ್ಮನನ್ನು ಕರೆದುಕೊಂಡು ಹೋಗುತ್ತಿರುವವನಿಗೆ ಸಲಹೆ ಬೇಕು

ಹೊಸ ಪ್ರಯಾಣಿಕ:

ಎಲ್ಲರಿಗೂ ನಮಸ್ಕಾರ. ಕಂಪನಿಯ ಕೆಲಸದ ಮೇಲೆ ಸೆಪ್ಟೆಂಬರ್ ಕೊನೆಯಿಂದ ಹತ್ತು ವಾರ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಇರಬೇಕಾಗಿದೆ. ಪಾಯಿಂಟ್ ಲಿಸಾಸ್ ಕೈಗಾರಿಕಾ ಪ್ರದೇಶದ ಅಮೋನಿಯಾ ಘಟಕವೊಂದರಲ್ಲಿ ಕೆಲಸ, ಪಕ್ಕದ ಕೂವಾ ಪಟ್ಟಣದಲ್ಲಿ ಬಾಡಿಗೆ ಮನೆ. ನಡುವೆ ಐದು ವಾರ ಅಮ್ಮನೂ ಬಂದು ಇರುತ್ತಾರೆ. ನಾನು ಮೀನು, ಕೋಳಿ ತಿನ್ನುತ್ತೇನೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಅಲ್ಲಿನ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಭಾರತೀಯ ಮೂಲದವರೆಂದು ಓದಿ ನೆಮ್ಮದಿಯಾಗಿತ್ತು. ಆದರೆ ಅಲ್ಲಿನ ಹೋಟೆಲುಗಳ ಊಟದ ಪಟ್ಟಿಗಳನ್ನು ನೋಡಿದ ಮೇಲೆ ಗೊಂದಲ ಹೆಚ್ಚಿದೆ. ರೋಟಿ, ಚನ್ನಾ, ಭಾಜಿ, ಚಟ್ನಿ ಎಂಬ ಹೆಸರುಗಳೆಲ್ಲ ಇವೆ, ಆದರೆ ತಟ್ಟೆಗೆ ಏನು ಬರುತ್ತದೆ ಎಂಬುದು ತಿಳಿಯುತ್ತಿಲ್ಲ. ಅಲ್ಲಿ ಇದ್ದು ಬಂದವರು ಯಾರಾದರೂ ದಯವಿಟ್ಟು ವಿವರವಾಗಿ ಬರೆಯಬೇಕು.

ತುಂಗಾತೀರ:

ನಾವು ಏಳು ವರ್ಷ ಸೇಂಟ್ ಆಗಸ್ಟಿನ್‌ನಲ್ಲಿದ್ದೆವು. ನನ್ನ ಯಜಮಾನರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ನಾನು ಹುಟ್ಟಾ ಸಸ್ಯಾಹಾರಿ, ಆದ್ದರಿಂದ ನಿಮ್ಮ ತಾಯಿಯವರ ಪರವಾಗಿ ಬರೆಯುತ್ತಿದ್ದೇನೆ ಎಂದುಕೊಳ್ಳಿ. ಹೆಸರು ಪರಿಚಿತವೆಂದ ಮಾತ್ರಕ್ಕೆ ರುಚಿಯೂ ಪರಿಚಿತವಾಗಿರುತ್ತದೆ ಎಂದುಕೊಂಡು ಹೋದರೆ ಮೊದಲ ವಾರ ಪೂರ್ತಿ ನಿರಾಶೆಯಾಗುತ್ತದೆ. 1845ರ ಮೇ 30ರಂದು ಫತೇಲ್ ರಝಾಕ್ ಎಂಬ ಹಡಗಿನಲ್ಲಿ ಮೊದಲ ಕೂಲಿಯಾಳುಗಳು ಅಲ್ಲಿಗೆ ಬಂದಿಳಿದರು. 1917ರವರೆಗೂ ಈ ಕರಾರು ಕೂಲಿಯ ಪದ್ಧತಿ ನಡೆಯಿತು. ಬಂದವರಲ್ಲಿ ಹೆಚ್ಚಿನವರು ಇಂದಿನ ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರದ ಭೋಜಪುರಿ ಸೀಮೆಯವರು, ಮದ್ರಾಸಿನ ಬಂದರಿನಿಂದ ಹತ್ತಿದವರು ಸ್ವಲ್ಪ ಮಂದಿ. ಹೀಗಾಗಿ ಅಲ್ಲಿಯ ಅಡುಗೆ ನಮ್ಮ ಕಡೆಯದಂತೂ ಅಲ್ಲ, ಇಂದಿನ ಉತ್ತರ ಭಾರತದ ಹೋಟೆಲುಗಳದ್ದೂ ಅಲ್ಲ. ನೂರೈವತ್ತು ವರ್ಷಕ್ಕೂ ಮಿಕ್ಕಿ ಆ ಮಣ್ಣಿನ ಸೊಪ್ಪು, ಗೆಡ್ಡೆ, ಮೆಣಸಿನೊಂದಿಗೆ ಬೆಳೆದ ಬೇರೆಯದೇ ಅಡುಗೆ ಅದು. ನಮ್ಮ ಕೊತ್ತಂಬರಿ ಸೊಪ್ಪಿನ ಜಾಗದಲ್ಲಿ ಶಾಡೋ ಬೆನಿ ಎಂಬ, ಅಂಚು ಗರಗಸದಂತಿರುವ ಉದ್ದನೆಯ ಎಲೆ ಬೀಳುತ್ತದೆ. ಪರಿಮಳ ಕೊತ್ತಂಬರಿಯದೇ, ಆದರೆ ನಾಲ್ಕು ಪಟ್ಟು ಗಾಢ. ಕರ್ರಿ ಎಂಬ ಮಸಾಲೆಪುಡಿಯನ್ನು ನೀರಿನಲ್ಲಿ ಕಲಸಿ ಕಾದ ಎಣ್ಣೆಗೆ ಸುರಿದು, ಅದು ಕಾಳುಕಾಳಾಗುವವರೆಗೆ ಹುರಿದ ನಂತರ ತರಕಾರಿ ಹಾಕುತ್ತಾರೆ.

ಬೆಳಗಿನ ತಿಂಡಿಯ ವಿಷಯದಲ್ಲಿ ನಿಮ್ಮ ತಾಯಿಯವರಿಗೆ ಯಾವ ತೊಂದರೆಯೂ ಇಲ್ಲ, ಏಕೆಂದರೆ ಇಡೀ ದೇಶವೇ ಬೆಳಿಗ್ಗೆ ರಸ್ತೆಬದಿಯಲ್ಲಿ ನಿಂತು ಡಬಲ್ಸ್ ತಿನ್ನುತ್ತದೆ, ಮತ್ತು ಡಬಲ್ಸ್ ಪೂರ್ತಿ ಸಸ್ಯಾಹಾರ. ಅರಿಶಿನ ಬೆರೆಸಿದ ಮೈದಾ ಹಿಟ್ಟನ್ನು ಈಸ್ಟ್ ಹಾಕಿ ಹುದುಗಿಸಿ, ಅಂಗೈಯಗಲಕ್ಕೆ ತಟ್ಟಿ, ಎಣ್ಣೆಯಲ್ಲಿ ಒಂದು ಕ್ಷಣ ಮುಳುಗಿಸಿ ತೆಗೆದದ್ದು ಬಾರಾ. ಅಂಥ ಎರಡು ಬಾರಾಗಳ ಮೇಲೆ ಮೆತ್ತಗೆ ಬೆಂದ ಕಾಬೂಲಿ ಕಡಲೆಯ ಗೊಜ್ಜು ಬೀಳುತ್ತದೆ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬಲ್ಲಿ ಇದು ಶುರುವಾಯಿತೆಂದೂ, ಮೊದಲು ಒಂದೇ ಬಾರಾ ಇದ್ದದ್ದನ್ನು ಗಿರಾಕಿಗಳು ಎರಡು ಹಾಕಿಸಿಕೊಳ್ಳತೊಡಗಿದ್ದರಿಂದ ಆ ಹೆಸರು ಬಂತೆಂದೂ ಅಲ್ಲಿಯವರು ಹೇಳುತ್ತಾರೆ. ಮಾರುವವರ ಕೈ ನೋಡುವುದೇ ಒಂದು ಸೊಗಸು. ಎಡಗೈಯ ಮೇಲೆ ಎಣ್ಣೆಗಾಗದ, ಅದರ ಮೇಲೆ ಒಂದು ಬಾರಾ ಅರ್ಧ ಹಾಸಿ ಇನ್ನೊಂದು ಒರಗಿಸಿ, ಚಮಚದ ಹಿಂಬದಿಯಿಂದ ಕಡಲೆ ಹರಡಿ, ಸೌತೆಕಾಯಿ ತುರಿ, ಹುಣಸೆಯ ಸಿಹಿ ಚಟ್ನಿ, ಕುಚೇಲಾ ಎಂಬ ಮಾವಿನಕಾಯಿ ತುರಿಯ ಉಪ್ಪಿನಕಾಯಿ, ಕೊನೆಗೆ ಮೆಣಸು ಹಾಕಿ, ಕಾಗದದ ಎರಡು ತುದಿ ಹಿಡಿದು ಗಿರ್ರನೆ ತಿರುಗಿಸಿ ಗಂಟು ಮಾಡುತ್ತಾರೆ. ನೀವು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಚಮಚ ಕೇಳಬೇಡಿ. ಬಾರಾದ ಅಂಚು ಹರಿದು ಅದರಿಂದಲೇ ಕಡಲೆ ಬಾಚಿ ತಿನ್ನಬೇಕು.

ಮೆಣಸಿನ ಪ್ರಮಾಣವನ್ನು ನೀವೇ ಹೇಳಬೇಕು: 'ನೋ ಪೆಪ್ಪರ್', 'ಸ್ಲೈಟ್', 'ಮೀಡಿಯಂ', 'ಹೆವಿ'. ಮೊದಲ ದಿನ 'ಸ್ಲೈಟ್' ಸಾಕು. ಮಧ್ಯಾಹ್ನದ ರೋಟಿ ಅಂಗಡಿಗಳ ಬಗ್ಗೆ ನಾಳೆ ಬರೆಯುತ್ತೇನೆ, ಅದು ಇನ್ನೂ ದೊಡ್ಡ ಕಥೆ.

ಬ್ಯಾಡಗಿ ಮೆಣಸು:

ತುಂಗಾತೀರ ಮೇಡಂ ಹೇಳಿದ 'ಸ್ಲೈಟ್' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂದು ಅನುಭವದಿಂದ ಹೇಳುತ್ತಿದ್ದೇನೆ. ನಾನು ಹಾವೇರಿ ಕಡೆಯವನು. ಮೆಣಸಿನಕಾಯಿಯ ಊರಿನವನೆಂಬ ಜಂಬದಲ್ಲಿ ಮೊದಲ ಬೆಳಿಗ್ಗೆಯೇ 'ಹೆವಿ' ಎಂದುಬಿಟ್ಟೆ. ನಮ್ಮ ಬ್ಯಾಡಗಿ ಕೊಡುವುದು ಬಣ್ಣವನ್ನು, ಅಲ್ಲಿಯ ಮೆಣಸು ಕೊಡುವುದು ಬೆಂಕಿಯನ್ನು. ಆ ದ್ವೀಪದ ಮೊರುಗಾ ಸ್ಕಾರ್ಪಿಯನ್ ಎಂಬ ತಳಿ 2012ರಲ್ಲಿ ಜಗತ್ತಿನ ಅತಿ ಖಾರದ ಮೆಣಸೆಂದು ಹೆಸರು ಮಾಡಿತ್ತು. ಡಬಲ್ಸ್ ಗಾಡಿಯ ಸಾಸಿಗೆ ಅದನ್ನೇ ಹಾಕುತ್ತಾರೆಂದೇನೂ ಇಲ್ಲ, ಆದರೆ ಹಾಕುವ ಸಾಮಾನ್ಯ ಮೆಣಸೂ ಸ್ಕಾಚ್ ಬಾನೆಟ್ ಜಾತಿಯದೇ. ಖಾರ ಮೊದಲ ತುತ್ತಿನಲ್ಲಿ ಗೊತ್ತಾಗುವುದಿಲ್ಲ. ಹಣ್ಣಿನಂಥ ಒಂದು ಪರಿಮಳ ಬಂದು ಮೂಗಿಗೆ ಹಿತವೆನಿಸುತ್ತದೆ, ಮೂರನೆಯ ತುತ್ತಿಗೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಪಕ್ಕದಲ್ಲಿ ನಿಂತಿದ್ದ ಶಾಲೆಯ ಹುಡುಗಿಯೊಬ್ಬಳು ಅದೇ 'ಹೆವಿ'ಯನ್ನು ತಿನ್ನುತ್ತಾ ನನ್ನನ್ನು ಕನಿಕರದಿಂದ ನೋಡಿದಳು.

ಲೆಕ್ಕಿಗ:

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ದಾಖಲಿಸಬೇಕಾಗಿದೆ. ಲೆಕ್ಕಪರಿಶೋಧನೆಯ ಕೆಲಸಕ್ಕೆಂದು ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಮೂರು ಸಲ ಹೋಗಿ ಬಂದಿದ್ದೇನೆ. ವಯಸ್ಸಾದ ತಾಯಿಯವರನ್ನು ಬಿಸಿಲಿನಲ್ಲಿ ರಸ್ತೆಬದಿ ನಿಲ್ಲಿಸಿ ತಿನ್ನಿಸುವುದು ಸರಿಯೆಂದು ನನಗೆ ಅನಿಸುವುದಿಲ್ಲ. ರಾಜಧಾನಿಯಲ್ಲಿ ಭಾರತದಿಂದ ಈಚೆಗೆ ಹೋದವರು ನಡೆಸುವ, ಕುಳಿತು ಉಣ್ಣುವ ಒಳ್ಳೆಯ ಹೋಟೆಲುಗಳಿವೆ. ಅಲ್ಲಿ ಪನೀರು, ದಾಲು, ಅನ್ನ ನಿಶ್ಚಿಂತೆಯಿಂದ ದೊರೆಯುತ್ತವೆ.

ಆದರೆ ಬಿಲ್ಲಿನ ವಿಷಯದಲ್ಲಿ ಎಚ್ಚರವಿರಲಿ. ಅಲ್ಲಿ ಮೌಲ್ಯವರ್ಧಿತ ತೆರಿಗೆ ಶೇ. 12.5. ಕುಳಿತು ಉಣ್ಣುವ ಹಲವು ಹೋಟೆಲುಗಳು ಅದರ ಜೊತೆಗೆ ಶೇ. 10ರಷ್ಟು ಸೇವಾ ಶುಲ್ಕವನ್ನೂ ಸೇರಿಸುತ್ತವೆ, ಮತ್ತು ಪಟ್ಟಿಯಲ್ಲಿ ಕಾಣುವ ಬೆಲೆಯಲ್ಲಿ ಇವೆರಡೂ ಇಲ್ಲದಿರಬಹುದು. 400 ಡಾಲರ್ ಎಂದುಕೊಂಡು ಉಂಡದ್ದಕ್ಕೆ ತೆರಿಗೆ 50, ಸೇವೆ 40 ಸೇರಿ 490 ಕೊಟ್ಟಿದ್ದೇನೆ. ಅದೂ ಸಾಲದೆ, ಕಾರ್ಡಿನ ಯಂತ್ರ ಮತ್ತೊಮ್ಮೆ ಟಿಪ್ಸ್ ಎಷ್ಟೆಂದು ಕೇಳಿತು. ಬಿಲ್ಲು ಓದದೆ ಒಪ್ಪಿಗೆ ಒತ್ತಿದ್ದರಿಂದ ಒಂದೇ ಸೇವೆಗೆ ಎರಡು ಸಲ ಹಣ ತೆತ್ತಂತಾಯಿತು. ಇದು ಟ್ರಿನಿಡಾಡ್ ಡಾಲರಿನ ಲೆಕ್ಕ. ಅಮೆರಿಕದ ಒಂದು ಡಾಲರಿಗೆ ಅಲ್ಲಿಯ ಆರು ಮುಕ್ಕಾಲು ಡಾಲರಿನ ಆಸುಪಾಸು ಬರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮೊದಲ ದಿನದ ಗಾಬರಿ ತಪ್ಪುತ್ತದೆ.

ತುಂಗಾತೀರ:

ಲೆಕ್ಕಿಗ ಅವರೇ, ಬಿಲ್ಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ, ಪನೀರಿನ ಮಾತನ್ನು ಒಪ್ಪಲಾರೆ. ಅವರು ಇರುವುದು ಕೂವಾದಲ್ಲಿ. ಸಂಜೆಯ ವಾಹನ ದಟ್ಟಣೆಯಲ್ಲಿ ರಾಜಧಾನಿಗೆ ಹೋಗಿ ದಾಲು ಉಂಡು ಬರುವ ಹೊತ್ತಿಗೆ ಉಂಡದ್ದು ಜೀರ್ಣವಾಗಿ ಮತ್ತೆ ಹಸಿವಾಗಿರುತ್ತದೆ. ರಸ್ತೆಬದಿಯ ಶುಚಿಯ ಬಗ್ಗೆ ಹೇಳುವುದಾದರೆ, ಆಹಾರ ಮಾರುವವರು ಆರೋಗ್ಯ ಇಲಾಖೆಯಿಂದ 'ಫುಡ್ ಬ್ಯಾಡ್ಜ್' ಪಡೆದಿರಬೇಕೆಂಬ ನಿಯಮ ಅಲ್ಲಿದೆ. ಬೆಳಿಗ್ಗೆ ಏಳಕ್ಕೆ ಸಾಲು ಇರುವ ಗಾಡಿಯಲ್ಲಿ ಹಳಸಿದ ಕಡಲೆ ಉಳಿಯುವುದಕ್ಕೆ ಸಾಧ್ಯವೇ ಇಲ್ಲ. ತಾಯಿಯವರು ಕಾರಿನಲ್ಲಿ ಕುಳಿತಿರಲಿ, ಕಟ್ಟಿಸಿಕೊಂಡು ಬಂದು ಕೊಟ್ಟರಾಯಿತು. ಅಲ್ಲಿಯ ಅರ್ಧ ಜನ ಹಾಗೆಯೇ ಮಾಡುತ್ತಾರೆ.

ನನಗೆ ಅಲ್ಲಿ ಆದ ಒಂದೇ ಒಂದು ಕೆಟ್ಟ ಅನುಭವ ರಸ್ತೆಬದಿಯಲ್ಲಿ ಆದದ್ದಲ್ಲ, ಬಿಳಿ ಮೇಜುಬಟ್ಟೆ ಹಾಸಿದ ಹೋಟೆಲಿನಲ್ಲಿ ಆದದ್ದು. ಕಲಲೂ ಎಂಬುದು ಕೆಸುವಿನ ಎಲೆಯನ್ನು ಬೆಂಡೆಕಾಯಿ, ತೆಂಗಿನ ಹಾಲಿನೊಂದಿಗೆ ಬೇಯಿಸಿ ಕಡೆದು ಮಾಡುವ ಹಸಿರು ಸಾರು. ಕೇಳುವುದಕ್ಕೆ ನಮ್ಮ ಮಲೆನಾಡಿನದೇ ಅಡುಗೆಯಂತಿದೆ. 'ಇದರಲ್ಲಿ ಮಾಂಸ ಇದೆಯೇ' ಎಂದು ಎರಡೆರಡು ಸಲ ಕೇಳಿದೆ, ಬಡಿಸುವ ಹುಡುಗ ಇಲ್ಲವೆಂದು ನಗುತ್ತಲೇ ಹೇಳಿದ. ಬಟ್ಟಲಿನ ತಳ ಕಾಣುವ ಹೊತ್ತಿಗೆ ಏಡಿಯ ಕಾಲೊಂದು ಎದ್ದು ನಿಂತಿತು. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಮಾತಿನಲ್ಲಿ ಮಾಂಸವೆಂದರೆ ಕೋಳಿ, ದನ, ಕುರಿ. ಏಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಂದಿನಿಂದ ನಾನು ಹೆಸರು ಹಿಡಿದೇ ಕೇಳುವುದನ್ನು ಕಲಿತೆ: ಏಡಿ ಇದೆಯೇ, ಉಪ್ಪು ಹಾಕಿದ ಹಂದಿಯ ಬಾಲ ಇದೆಯೇ, ಒಣಮೀನು ಇದೆಯೇ? ಕೆಂಪು ಹುರುಳಿಕಾಯಿ ಬೀಜದ ಗೊಜ್ಜಿನಲ್ಲಿ ಕೂಡ ಹಂದಿಯ ಬಾಲ ಇರಬಹುದು. ಮ್ಯಾಕರೋನಿ ಪೈ ಎಂಬ ಭಾನುವಾರದ ಭಕ್ಷ್ಯದಲ್ಲಿ ಮೊಟ್ಟೆ ಸಾಮಾನ್ಯ. ತಾಯಿಯವರಿಗೆ ಇಂಥ ಕ್ರಿಯೋಲ್ (ಆಫ್ರಿಕಾ ಮೂಲದವರ ಶೈಲಿಯ) ಊಟದ ಡಬ್ಬಿ ಬೇಡವೇ ಬೇಡ. ರಸ್ತಾಫಾರಿ ಪಂಥದವರು ನಡೆಸುವ 'ಐಟಲ್' ಅಂಗಡಿ ಕಂಡರೆ ಮಾತ್ರ ಸಸ್ಯಾಹಾರ ದೊರೆಯುತ್ತದೆ, ಆದರೆ ಉಪ್ಪು ಬಹಳ ಕಡಿಮೆ ಇರುವುದರಿಂದ ಉಪ್ಪಿನಕಾಯಿಯ ಬಾಟಲಿಯನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಈಗ ರೋಟಿ ಅಂಗಡಿ. ಅಲ್ಲಿ ರೋಟಿ ಎಂದರೆ ಮೂರು ಬಗೆ. ಧಾಲ್‌ಪುರಿಯೆಂದರೆ ಬೆಲ್ಲ ಕಾಣದ ಹೋಳಿಗೆ ಎಂದುಕೊಳ್ಳಿ. ಬೇಯಿಸಿದ ಹಳದಿ ಬಟಾಣಿ ಬೇಳೆಯನ್ನು ಹುಡಿಹುಡಿಯಾಗಿ ಅರೆದು, ಹುರಿದ ಜೀರಿಗೆಪುಡಿ ಬೆರೆಸಿದ ಹೂರಣವನ್ನು ಕಣಕದಲ್ಲಿ ತುಂಬಿ, ತವೆಯಗಲಕ್ಕೆ ಲಟ್ಟಿಸಿ ಬೇಯಿಸುತ್ತಾರೆ. ನಿಮ್ಮ ತಾಯಿಯವರು ಮೊದಲ ದಿನವೇ ಗುರುತು ಹಿಡಿಯುತ್ತಾರೆ. ಎರಡನೆಯದು ಪದರು ಪದರಾದ ಪರಾಠಾ. ಅದನ್ನು ತವೆಯ ಮೇಲೆಯೇ ಎರಡು ಮರದ ಸಟ್ಟುಗಗಳಿಂದ ಹೊಡೆದು ಚಿಂದಿ ಮಾಡುತ್ತಾರೆ. ಹರಿದ ಅಂಗಿಯಂತೆ ಕಾಣುವುದರಿಂದ ಅದರ ಹೆಸರು 'ಬಸ್-ಅಪ್-ಶಟ್'. ಮೂರನೆಯದು ಸಾದಾ ರೋಟಿ, ದಪ್ಪ, ಎಣ್ಣೆಯಿಲ್ಲದ್ದು. ಅದು ಬೆಳಗಿನ ತಿಂಡಿಗೆ, ಬೈಗನ್ ಚೋಕಾದ ಜೊತೆ. ಚೋಕಾ ಎಂದರೆ ನಮ್ಮ ಸುಟ್ಟ ಬದನೆಕಾಯಿಯ ಗೊಜ್ಜೇ: ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಕಿವುಚಿ, ಮೇಲೆ ಬೆಳ್ಳುಳ್ಳಿಯ ಬಿಸಿ ಎಣ್ಣೆ ಸುರಿಯುತ್ತಾರೆ. ಆ ಒಗ್ಗರಣೆಗೆ ಅವರ ಮಾತು 'ಚುಂಕೇ'.

ಜೊತೆಗೆ ಏನು ಬೇಕೆಂದು ಕೌಂಟರಿನಲ್ಲಿ ಕೇಳುತ್ತಾರೆ. ಭಾಜಿ ಎಂದರೆ ಅಲ್ಲಿ ಸೊಪ್ಪಿನ ಪಲ್ಯ, ಈರುಳ್ಳಿ ಬಜ್ಜಿಯಲ್ಲ. ಬೋಡಿ ಎಂದರೆ ಅಲಸಂದೆಕಾಯಿ. ಪಂಪ್ಕಿನ್ ಎಂದರೆ ಬೆಣ್ಣೆಯಂತೆ ಕರಗುವವರೆಗೆ ಬೇಯಿಸಿದ ಸಿಹಿಗುಂಬಳ. ಶಾಟೇನ್ ಎಂಬುದು ಹಲಸಿನ ದಾಯಾದಿ, ಗುಜ್ಜೆಯ ಪಲ್ಯ ತಿಂದವರಿಗೆ ಕೂಡಲೇ ಹಿಡಿಸುತ್ತದೆ. ಹನ್ನೊಂದು ಗಂಟೆಗೇ ಹೋಗಬೇಕು. ಒಂದೂವರೆಯ ನಂತರ ಹೋದರೆ ತರಕಾರಿಗಳೆಲ್ಲ ಖಾಲಿಯಾಗಿ ಕೋಳಿ ಮಾತ್ರ ಉಳಿದಿರುತ್ತದೆ. ಬಡಿಸುವ ಚಮಚ ಪಾತ್ರೆಯಿಂದ ಪಾತ್ರೆಗೆ ಹೋಗದಿರಲೆಂಬ ಆಗ್ರಹ ತಾಯಿಯವರಿಗೆ ಇದ್ದರೆ ನೇರವಾಗಿ ಹೇಳಿಬಿಡಿ. ಉಪವಾಸ, ಪೂಜೆ ಎಂದು ಹಾಗೆ ಕೇಳುವವರು ಅಲ್ಲಿಯೂ ಬಹಳ ಮಂದಿ ಇದ್ದಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಕರಾವಳಿ ಕಡಲು:

ಸಸ್ಯಾಹಾರದ ಚರ್ಚೆಯಲ್ಲಿ ಮೀನು ತಿನ್ನುವವರನ್ನು ಮರೆಯಬಾರದೆಂದು ಬರೆಯುತ್ತಿದ್ದೇನೆ. ಪ್ರಶ್ನೆ ಕೇಳಿದವರು ಒಂದು ಭಾನುವಾರ ಉತ್ತರದ ಬೆಟ್ಟಗಳನ್ನು ದಾಟಿ ಮರಾಕಸ್ ಕಡಲತೀರಕ್ಕೆ ಹೋಗಲೇಬೇಕು. ಅಲ್ಲಿಯ 'ಬೇಕ್ ಆ್ಯಂಡ್ ಶಾರ್ಕ್' ಹೆಸರುವಾಸಿ. ಹೆಸರಿನಲ್ಲಿ 'ಬೇಕ್' ಇದ್ದರೂ ಅದು ಎಣ್ಣೆಯಲ್ಲಿ ಕರಿದ ಉಬ್ಬು ರೊಟ್ಟಿ, ನಮ್ಮ ಮಂಗಳೂರು ಬನ್ಸಿನ ಸಿಹಿಯಿಲ್ಲದ ಅಣ್ಣನಂತೆ. ಅದರೊಳಗೆ ಕರಿದ ಮೀನು ಇಟ್ಟು ಕೊಡುತ್ತಾರೆ. ಆಮೇಲೆ ಉದ್ದನೆಯ ಮೇಜಿನ ಬಳಿ ಹೋಗಿ ಶಾಡೋ ಬೆನಿಯ ಹಸಿರು ಚಟ್ನಿ, ಹುಣಸೆ, ಬೆಳ್ಳುಳ್ಳಿ, ಅನಾನಸ್, ಕೋಸು ಎಲ್ಲವನ್ನೂ ನಾವೇ ಹಾಕಿಕೊಳ್ಳಬೇಕು. ನನ್ನದೊಂದು ತಕರಾರಿದೆ. ಶಾರ್ಕ್ ಸಂತತಿ ಎಲ್ಲ ಕಡಲುಗಳಲ್ಲೂ ಇಳಿಯುತ್ತಿರುವಾಗ ಅದನ್ನೇ ತಿನ್ನಬೇಕೆಂಬ ಹಟ ಏಕೆ? ಅದೇ ಅಂಗಡಿಗಳಲ್ಲಿ ಬೇರೆ ಮೀನನ್ನೂ ಅದೇ ರೊಟ್ಟಿಯಲ್ಲಿ ಇಟ್ಟು ಕೊಡುತ್ತಾರೆ, ಅಂಜಲ್ ಜಾತಿಯ ಕಿಂಗ್‌ಫಿಷ್ ಕೇಳಿದರೆ ರುಚಿಯಲ್ಲಿ ಒಂದು ಕೈ ಮೇಲೆಯೇ. ಟೊಬೇಗೊ ದ್ವೀಪಕ್ಕೆ ದಾಟುವುದಾದರೆ ಸ್ಟೋರ್ ಬೇ ತೀರದ ಸಾಲು ಅಂಗಡಿಗಳಲ್ಲಿ ಏಡಿ ಗಸಿ ಮತ್ತು ಚಪ್ಪಟೆ ಕಡುಬು ತಿನ್ನಿ. ಬಿಳಿ ಅಂಗಿ ಮಾತ್ರ ಹಾಕಿಕೊಂಡು ಹೋಗಬೇಡಿ.

ವಿಷಯಾಂತರವೆಂದುಕೊಳ್ಳದಿದ್ದರೆ ಇನ್ನೊಂದು ಮಾತು. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಿಂದ ಅರಿಯಪಿಟಾ ಅವೆನ್ಯೂವಿನ ಹೋಟೆಲು ಸಾಲಿಗೆ ನಡೆದೇ ಹೋಗಬಹುದು. 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ 403 ರನ್ನುಗಳ ಗುರಿಯನ್ನು ನಾಲ್ಕೇ ವಿಕೆಟ್ ಕಳೆದುಕೊಂಡು ತಲುಪಿದ್ದು, ನಮ್ಮ ವಿಶ್ವನಾಥ್ 112 ಹೊಡೆದದ್ದು, ಬ್ರಿಜೇಶ್ ಪಟೇಲ್ 49ರಲ್ಲಿ ಔಟಾಗದೆ ಉಳಿದದ್ದು ಅದೇ ಮೈದಾನದಲ್ಲಿ. ನಾನು ಮೈದಾನದ ಗೇಟಿನ ಹೊರಗೆ ಜೋಳದ ಸೂಪು ಕುಡಿಯುತ್ತಾ ಇದನ್ನು ಹೇಳಿದಾಗ, ಸೂಪು ಮಾರುವ ಹಿರಿಯರು ಆ ಪಂದ್ಯದ ಕೊನೆಯ ದಿನವನ್ನು ನನಗಿಂತ ಚೆನ್ನಾಗಿ ವರ್ಣಿಸಿದರು, ಆದರೆ ಸೋತವರ ಕಡೆಯಿಂದ.

ಲೆಕ್ಕಿಗ:

ತುಂಗಾತೀರ ಅವರ ವಿವರಣೆಯ ಮುಂದೆ ನನ್ನ ಪನೀರು ಸಪ್ಪೆಯಾಗಿ ಕಾಣುತ್ತಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸಾರಿಗೆಯ ಬಗ್ಗೆ ಒಂದು ಉಪಯುಕ್ತ ಮಾಹಿತಿ ಸೇರಿಸುತ್ತೇನೆ: ಅಲ್ಲಿಯ ಮ್ಯಾಕ್ಸಿ ಟ್ಯಾಕ್ಸಿಗಳ (ಹಲವರು ಒಟ್ಟಿಗೆ ಹತ್ತುವ ಮಿನಿ ಬಸ್ಸುಗಳ) ಮೈಮೇಲಿನ ಪಟ್ಟಿಯ ಬಣ್ಣವೇ ಮಾರ್ಗವನ್ನು ಹೇಳುತ್ತದೆ. ರಾಜಧಾನಿಯಿಂದ ಚಗ್ವಾನಸ್, ಸ್ಯಾನ್ ಫರ್ನಾಂಡೋ ಕಡೆಗೆ ಹೋಗುವುದು ಹಸಿರು ಪಟ್ಟಿಯದು. ಬಾಡಿಗೆ ಕಾರಿನ ನಂಬರು ಇಂಗ್ಲಿಷಿನ 'ಎಚ್' ಅಕ್ಷರದಿಂದ ಶುರುವಾಗಿದೆಯೇ ಎಂದು ನೋಡಿಕೊಂಡೇ ಹತ್ತಬೇಕು. ಕತ್ತಲಾದ ಮೇಲೆ ಊಟಕ್ಕೆ ಹೋಗುವುದಾದರೆ ಗುರುತಿನ ಚಾಲಕರನ್ನೇ ಕರೆಯುವುದು ಕ್ಷೇಮ.

ತುಂಗಾತೀರ:

ನೀವು ಹೋಗುವ ಕಾಲ ನೋಡಿದರೆ ದೀಪಾವಳಿ ಅಲ್ಲಿಯೇ ಸಿಗುತ್ತದೆ. 1966ರಿಂದ ಅದು ಅಲ್ಲಿ ರಾಷ್ಟ್ರೀಯ ರಜೆ. ಚಗ್ವಾನಸ್ ಹತ್ತಿರ ದೀವಾಳಿ ನಗರ್ ಎಂಬ ಬಯಲಿನಲ್ಲಿ ಹಬ್ಬಕ್ಕೆ ಮುಂಚೆ ಹಲವು ರಾತ್ರಿ ಮೇಳ ನಡೆಯುತ್ತದೆ. ಅಲ್ಲಿ ಮಾಂಸವೂ ಇಲ್ಲ, ಮದ್ಯವೂ ಇಲ್ಲ. ತಾಯಿಯವರು ಯಾವುದನ್ನೂ ವಿಚಾರಿಸದೆ ಕೈ ಚಾಚಬಹುದಾದ ಜಾಗ ಅದೊಂದೇ. ಹಾಗೆಯೇ ಸ್ಯಾನ್ ಫರ್ನಾಂಡೋ ದಾಟಿ ಡೆಬೆ ಎಂಬ ಊರಿಗೆ ಒಂದು ಸಂಜೆ ಹೋಗಿ. ರಸ್ತೆಯ ಬದಿಯಲ್ಲಿ ಸಾಲಾಗಿ ಕರಿದ ತಿಂಡಿಯ ಅಂಗಡಿಗಳಿವೆ. ಫುಲೋರಿ, ಬೈಗನಿ, ಕಚೋರಿ ಎಲ್ಲವೂ ಇರುತ್ತವೆ, ಆದರೆ ಮೊದಲು ಸಹೀನಾ ತಿನ್ನಿಸಿ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುತ್ತಿ, ಬಿಲ್ಲೆಯಾಗಿ ಕೊಯ್ದು ಕರಿಯುವುದು ಅದರ ಹಳೆಯ ಕ್ರಮ. ಈಗ ಹಲವರು ಎಲೆಯನ್ನು ಹೆಚ್ಚಿಯೇ ಹಿಟ್ಟಿಗೆ ಹಾಕುತ್ತಾರೆ. ಸುತ್ತಿದ್ದು ಸಿಕ್ಕರೆ ಬಿಡಬೇಡಿ. ತಾಯಿಯವರು ಏನೆನ್ನುತ್ತಾರೆಂದು ಇಲ್ಲಿ ಬರೆಯಿರಿ, ನನಗೆ ಕುತೂಹಲವಿದೆ.

ಹೊಸ ಪ್ರಯಾಣಿಕ:

ಎಲ್ಲರಿಗೂ ವಂದನೆಗಳು. ಒಂಬತ್ತನೆಯ ವಾರದಲ್ಲಿದ್ದೇನೆ. ಅಮ್ಮ ಹೋದ ವಾರ ಊರಿಗೆ ಹೊರಟರು, ಆದ್ದರಿಂದ ಬರೆಯುವುದಕ್ಕೆ ಈಗ ಬಿಡುವಾಯಿತು.

ಡೆಬೆಗೆ ಹೋಗಿದ್ದೆವು. ಸುತ್ತಿದ ಸಹೀನಾ ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಅಮ್ಮ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ಸುರುಳಿಯ ಪದರು ಎಣಿಸಿ, 'ಪತ್ರೊಡೆಗೆ ಅಕ್ಕಿ ಹಾಕುವುದನ್ನು ಇವರಿಗೆ ಯಾರೂ ಹೇಳಿಕೊಡಲಿಲ್ಲ' ಎಂದರು. ಅಂಗಡಿಯಾಕೆಗೆ ಅದು ಅರ್ಥವಾಗದೆ, ಉಪ್ಪು ಹೆಚ್ಚಾಯಿತೇ ಎಂದು ನನ್ನನ್ನು ಕೇಳಿದರು. ಆಮೇಲೆ ಇಬ್ಬರೂ ಕೆಸುವಿನ ಎಲೆ ಗಂಟಲು ಕೆರೆಯದಂತೆ ಏನು ಮಾಡಬೇಕೆಂಬುದನ್ನು ಹತ್ತು ನಿಮಿಷ ಕೈಸನ್ನೆಯಲ್ಲೇ ಚರ್ಚಿಸಿದರು. ಧಾಲ್‌ಪುರಿ ಅಮ್ಮನಿಗೆ ಹಿಡಿಸಿತು, ಆದರೆ ಎರಡನೆಯ ವಾರದಿಂದ ಅದಕ್ಕೆ ಮನೆಯಿಂದ ತುಪ್ಪದ ಡಬ್ಬಿ ಒಯ್ಯತೊಡಗಿದರು. ಡಬಲ್ಸ್ ಅನ್ನು ಕಾರಿನಲ್ಲಿ ಕುಳಿತೇ ತಿಂದರು, ಲೆಕ್ಕಿಗ ಅವರು ನೆಮ್ಮದಿಯಾಗಿರಬಹುದು. ಮಾಬಿ ಎಂಬ ಮರದ ತೊಗಟೆಯ ಪಾನಕವನ್ನು ಮಾತ್ರ ಒಂದು ಗುಟುಕು ಕುಡಿದು, ಇದು ಕಷಾಯ, ಜ್ವರ ಬಂದಾಗ ಕೊಡು ಎಂದು ಬದಿಗಿಟ್ಟರು. ಈಗ ಮಾರುಕಟ್ಟೆಯಲ್ಲಿ ಕ್ರಿಸ್‌ಮಸ್ಸಿನ ಸಾರೆಲ್ ಕಾಣಿಸತೊಡಗಿದೆ. ನಮ್ಮ ಪುಂಡಿಯ ಬಳಗದ ಗಿಡವೇ ಇರಬೇಕು, ಕಾಯಿ ಸುತ್ತಿದ ಕೆಂಪು ಎಸಳುಗಳನ್ನು ಲವಂಗ ಹಾಕಿ ಕುದಿಸುತ್ತಾರೆ. ಅಮ್ಮನಿಗೆ ಅದು ತಪ್ಪಿಹೋಯಿತು.

ಬ್ಯಾಡಗಿ ಮೆಣಸು ಅವರಿಗೆ: ನಾನು ಒಂಬತ್ತು ವಾರದಲ್ಲಿ 'ಮೀಡಿಯಂ'ವರೆಗೆ ಬಂದಿದ್ದೇನೆ, ಅದಕ್ಕಿಂತ ಮುಂದೆ ಹೋಗುವ ಆಸೆಯಿಲ್ಲ.

ಅಮ್ಮ ಹೊರಟ ಮರುದಿನ ಬೆಳಿಗ್ಗೆ ಕೂವಾದ ಮೂಲೆಯ ಡಬಲ್ಸ್ ಗಾಡಿಗೆ ಹೋದೆ. ನಾನು ಬಾಯಿ ತೆರೆಯುವ ಮುಂಚೆಯೇ ಆತ ಎಂದಿನಂತೆ ನನಗೊಂದು ಮೀಡಿಯಂ, ಅಮ್ಮನಿಗೆ ಎರಡು ಖಾರವಿಲ್ಲದ್ದು, ಹುಣಸೆ ಚಟ್ನಿ ಜಾಸ್ತಿ ಹಾಕಿ ಕಟ್ಟಿಬಿಟ್ಟಿದ್ದರು. ಏನೂ ಹೇಳದೆ ಹಣ ಕೊಟ್ಟು, ಮೂರನ್ನೂ ತಿಂದು ಕೆಲಸಕ್ಕೆ ಹೋದೆ.